ಕಿಡಿ ತಾಗದ ಕೋಟು

ಎಳ್ಳಮಾವಾಸ್ಯೆ ಕಳೆದ ಮೇಲೆ ಒಂದು ದಿನ, ಮಂಜು ಇನ್ನೂ ಓಣಿಯ ತುಂಬ ಹಾಸಿಕೊಂಡಿದ್ದ ಹೊತ್ತಿನಲ್ಲಿ ನಮ್ಮ ಗಾಡಿ ಬನಹಟ್ಟಿಯನ್ನು ಬಿಟ್ಟಿತು. ಗಾಡಿಯಲ್ಲಿ ಇದ್ದವರು ಮೂವರು: ಗಾಡಿ ಹೊಡೆಯುವ ಹುಸೇನಸಾಬ, ನನ್ನ ಗೆಳೆಯ ಶಿವಲಿಂಗ ಮತ್ತು ನಾನು. ನಮ್ಮ ಮೂವರಿಗಿಂತ ಹೆಚ್ಚು ಜತನವಾಗಿ ಕುಳಿತದ್ದು ಒಂದು ಕೋಟು. ಹೋಗಬೇಕಾದದ್ದು ಬೀಳಗಿಗೆ. ಶಿವಲಿಂಗನನ್ನು ಅಲ್ಲಿ ಹೆಣ್ಣಿನ ಮನೆಯವರು ನೋಡುವವರಿದ್ದರು.

ಇದು ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನ ಮಾತು. ನಾನು ಜಮಖಂಡಿಯ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ಮುಗಿಸಿ ಬನಹಟ್ಟಿಯ ಪಕ್ಕದ ರಬಕವಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ನಮ್ಮ ತಂದೆಗೆ ಅರಿವೆಯ ಅಂಗಡಿ ಇತ್ತು. ನಾನು ಪಾಸಾದ ಸಂತೋಷಕ್ಕೆ ಅವರು ಪುಣೆಯಲ್ಲಿ ಒಂದು ನುಣುಪು ಉಣ್ಣೆಯ ಬನಾತಿನ ಕೋಟು ಹೊಲಿಸಿ ತಂದಿದ್ದರು. ಕಡುನೀಲಿ ಬಣ್ಣ, ಮೊಣಕಾಲು ಮುಟ್ಟುವ ಉದ್ದ, ಒಳಗೆ ರೇಶಿಮೆಯ ಅಸ್ತರು. ಕೈಯಾಡಿಸಿದರೆ ಬೆಕ್ಕಿನ ಬೆನ್ನು ಸವರಿದಂತೆ ಆಗುತ್ತಿತ್ತು. ಆ ಕೋಟು ಹಾಕಿಕೊಂಡು ಪೇಟೆಯಲ್ಲಿ ನಡೆದರೆ ನನಗಿಂತ ಮುಂದೆ ಅದೇ ನಡೆಯುತ್ತಿತ್ತು.

ಶಿವಲಿಂಗ ಬನಹಟ್ಟಿಯ ನೇಕಾರ. ನಾಲ್ಕನೆಯ ಇಯತ್ತೆಯವರೆಗೆ ನಾವಿಬ್ಬರೂ ಒಂದೇ ಮಣೆಯ ಮೇಲೆ ಕುಳಿತವರು. ಆಮೇಲೆ ಅವನು ಮಗ್ಗಕ್ಕೆ ಇಳಿದ. ಬೀಳಗಿಯ ಹುಡುಗಿ ನೀಲವ್ವನನ್ನು ಅವನು ಮೊದಲೊಮ್ಮೆ ಮುಧೋಳದಲ್ಲಿ ಬಳಗದವರ ಮನೆಯಲ್ಲಿ ಕಂಡಿದ್ದ. ಅವಳು ಅಂಗಳದಲ್ಲಿ ಮಗ್ಗಕ್ಕೆ ಹಾಸಿನ ಎಳೆ ಹೂಡುತ್ತಿದ್ದಳಂತೆ. ಇವನು ನೋಡದೆ ನಡುವೆ ನುಗ್ಗಿದಾಗ, "ಬಗ್ಗಿ ಹೋಗ್ರಿ, ಎಳಿ ಹರದೀತು" ಎಂದು ಗದರಿದಳಂತೆ.

"ಅವತ್ತಿನಿಂದ ಬಗ್ಗೇ ನಡ್ಯಾಕತ್ತೀನಿ ನೋಡ ಮಾಸ್ತರ" ಎಂದು ಅವನು ನನಗೆ ಎಷ್ಟೋ ಸಲ ಹೇಳಿದ್ದ.

ಕೋಟು ಕೇಳಲು ಬಂದ ದಿನ ಮಾತ್ರ ಅವನು ನಗಲಿಲ್ಲ. "ಅವರದು ಆರ ಮಗ್ಗದ ಮನಿ. ನಂದು ಒಂದ. ಬರೇ ಅಂಗಿ ಮ್ಯಾಲೆ ಹೋದ್ರ ಹಗರ ತಿಳೀತಾರ. ಆ ನಿನ್ನ ಕೋಟ ಒಂದೀಟ ಕೊಡು. ನಿಂದು ಅಂತ ಮಾತ್ರ ಯಾರ ಮುಂದೂ ಆಡಬ್ಯಾಡ."

ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ, ಕೊಟ್ಟು ಸುಮ್ಮನಿರಲು ಮನಸ್ಸು ಬರಲಿಲ್ಲ. ರಜೆ ಹಾಕಿ ಕೋಟಿನ ಜೊತೆಗೆ ನಾನೂ ಹೊರಟೆ. ಜಮಖಂಡಿಗೆ ಹೋಗಿದ್ದರೆ ಸ್ವಲ್ಪ ದೂರಕ್ಕಾದರೂ ಮೋಟಾರು ಸಿಗುತ್ತಿತ್ತು. ಮೋಟಾರಿನಲ್ಲಿ ಎಣ್ಣೆಯ ಕಲೆ ಹತ್ತೀತೆಂದು ನಾನೇ ಬೇಡವೆಂದೆ. ಹುಸೇನಸಾಬನ ಗಾಡಿ ಹೋಗಿ ಬರಲು ಮೂರು ರೂಪಾಯಿಗೆ ಗೊತ್ತಾಯಿತು. ಎತ್ತಿನ ಮೇವು ಅವನದು, ಬುತ್ತಿ ನಮ್ಮದು.

ಚಳಿಗಾಲದ ಆ ದಾರಿಯನ್ನು ನಾನು ಇಂದಿಗೂ ಕಣ್ಣು ಮುಚ್ಚಿದರೆ ನಡೆಯಬಲ್ಲೆ. ಎರಡೂ ಕಡೆ ಆಳೆತ್ತರದ ಬಿಳಿಜೋಳ, ಅದರ ತೆನೆಗಳ ಮೇಲೆ ಮಂಜು. ಎತ್ತಿನ ಕೊರಳ ಗಂಟೆಯ ಸದ್ದು ಮಂಜಿನೊಳಗೆ ಹೋಗಿ ಮತ್ತೆಲ್ಲಿಂದಲೋ ತಿರುಗಿ ಬರುತ್ತಿತ್ತು, ನಮ್ಮ ಹಿಂದೆ ಇನ್ನೊಂದು ಗಾಡಿ ನಮ್ಮಂಥವರನ್ನೇ ಕೂಡಿಸಿಕೊಂಡು ಬರುತ್ತಿದೆಯೇನೋ ಎನ್ನುವಂತೆ. ಬಿಸಿಲೇರಿದಾಗ ಕುಸುಬಿಯ ಹಳದಿ ಹೂವು ಒಮ್ಮೆಲೆ ಹೊಲದ ತುಂಬ ಹೊತ್ತಿಕೊಂಡವು. ಶಿವಲಿಂಗ ಚಕ್ಕಡಿಯ ಹಿಂದೆ ಕಾಲು ಇಳಿಬಿಟ್ಟು ಕುಳಿತು ಸಣ್ಣ ದನಿಯಲ್ಲಿ ಏನೋ ಗುನುಗುತ್ತಿದ್ದ. ಮಹಾಲಿಂಗಪುರದ ಆಚೆ ಒಂದು ಬೇವಿನ ಗಿಡದ ಕೆಳಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಉಂಡೆವು.

ನಮ್ಮ ಸೀಮೆಯಲ್ಲಿ ಆಗ ಹತ್ತು ಹರದಾರಿ ನಡೆದರೆ ಮೂರು ದೊರೆಗಳ ನೆಲ ದಾಟಬೇಕಾಗುತ್ತಿತ್ತು. ಮುಧೋಳದ ಸುಂಕದ ನಾಕಾದಲ್ಲಿ ಸಿಪಾಯಿ ನಮ್ಮ ಗಂಟು ಬಿಚ್ಚಿಸಿದ. ಕೋಟನ್ನು ಕಂಡು ಹುಬ್ಬು ಏರಿಸಿದ.

"ಹೊಸಾ ಮಾಲ ಕಾಣಸ್ತೈತಿ. ಮಾರಾಕ ಒಯ್ಯಾಕತ್ತೀರೇನು? ಜಕಾತಿ ಆಗತೈತಿ."

"ಮಾಲ ಅಲ್ರಿ, ನಂದ ಕೋಟ" ಎಂದ ಶಿವಲಿಂಗ.

"ನಿಂದ? ಹಾಕ್ಕೋ ನೋಡೂಣು."

ಶಿವಲಿಂಗ ಹಾಕಿಕೊಂಡು ಗುಂಡಿ ಏರಿಸಿ ನಿಂತ. ನನ್ನ ಕೋಟು ನನಗಿಂತ ಅವನಿಗೇ ಚೆನ್ನಾಗಿ ಒಪ್ಪುತ್ತಿತ್ತು. ಸಿಪಾಯಿ ಸುತ್ತ ಒಂದು ಸುತ್ತು ಹಾಕಿ, "ಮೈಮ್ಯಾಲಿನ ಅರಿವಿಗೆ ಜಕಾತಿ ಇಲ್ಲ, ಹೋಗ್ರಿ. ಏನ ಮದುಮಗಾ ಕಂಡಂಗ ಕಾಣತಿಯೋ ತಮ್ಮಾ!" ಎಂದ. ಶಿವಲಿಂಗನ ಮುಖ ಕೆಂಪಾಯಿತು. ನಾನು ಮುಂದೆ ಹೋಗಿ ಕೋಟಿನ ಹೆಗಲ ಮೇಲಿನ ಧೂಳು ಕೊಡವಿದೆ.

ಆ ಸಂಜೆ ಘಟಪ್ರಭೆಯ ದಂಡೆಯಲ್ಲಿ ಇಳಿದೆವು. ನೀರಿನ ಮೇಲೆ ಹೊಗೆಯಂಥ ಮಂಜು ಏಳುತ್ತಿತ್ತು. ಆಚೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು, ಕೈ ಎತ್ತಿದ ಎಷ್ಟೋ ಹೊತ್ತಿನ ಮೇಲೆ ಬಂದು ಮುಟ್ಟುತ್ತಿತ್ತು. ಹುಸೇನಸಾಬ ಜಾಲಿಯ ಕಟ್ಟಿಗೆ ಒಟ್ಟಿ ಬೆಂಕಿ ಹಾಕಿದ. ಶಿವಲಿಂಗ ಕೋಟು ಕಳಚಿರಲಿಲ್ಲ. ಮೈಗೆ ರೂಢಿಯಾಗಲಿ, ನಾಳಿದ್ದು ಅವರ ಮುಂದೆ ಬಿಗಿಬಿಗಿ ಕಾಣಬಾರದು ಎಂದು ಅವನ ವಿಚಾರ. ಹಸಿ ಜಾಲಿ ಪಟಪಟ ಸಿಡಿಯಿತು. ಒಂದು ಕಿಡಿ ಹಾರಿ ಅವನ ತೋಳಿನ ಮೇಲೆ ಕುಳಿತಿತು. ನಾನು ಹಾರಿ ಬಿದ್ದು ಅಂಗೈಯಿಂದಲೇ ಬಡಿದೆ. ಕೋಟಿಗೆ ಏನೂ ಆಗಲಿಲ್ಲ. ನನ್ನ ಅಂಗೈ ಸುಟ್ಟಿತು.

"ಏ ಮಾಸ್ತರ, ನನ್ನ ಕೈ ಮುರದೀಯಲ್ಲೋ!" ಎಂದ ಶಿವಲಿಂಗ.

"ಕೈ ಕೂಡತೈತಿ. ಬನಾತು ಕೂಡೂದಿಲ್ಲ. ಕಳಿ ಮೊದಲ."

ಉಣ್ಣೆಯ ಬಟ್ಟೆಯನ್ನು ಬೆಂಕಿಯಿಂದ ಕಾಪಾಡುವುದು ಹೇಗೆಂದು ನಾನು ಆ ಎರಡು ದಿನಗಳಲ್ಲಿ ಯೋಚಿಸಿದಷ್ಟು ಮತ್ಯಾವುದನ್ನೂ ಯೋಚಿಸಿಲ್ಲ. ಅಸ್ತರು ಹೊರಗೆ ಬರುವಂತೆ ಕೋಟನ್ನು ಮಗುಚಿ ಮಡಿಸಬೇಕು. ಮೇಲೆ ಒರಟು ಕಂಬಳಿ ಸುತ್ತಬೇಕು, ಕುರಿಯ ತುಪ್ಪಳದ ಕಂಬಳಿಗೆ ಕಿಡಿ ಬಿದ್ದರೂ ಅದು ಅಲ್ಲೇ ಕರಕಾಗಿ ಆರುತ್ತದೆ. ಗಾಳಿ ಬರುವ ಕಡೆ ಗಾಡಿ ಬಿಟ್ಟು, ಬೆಂಕಿಯನ್ನು ಗಾಳಿ ಹೋಗುವ ಕಡೆ ಹಾಕಬೇಕು. ಇದೆಲ್ಲ ಸರಿಯಾದ ಮಾತೇ. ಆದರೆ ಸುತ್ತಲು ನನ್ನ ಕಂಬಳಿಯನ್ನು ನಾನು ಕೊಡಲಿಲ್ಲ. ಶಿವಲಿಂಗನ ಕಂಬಳಿಯನ್ನೇ ತೆಗೆದುಕೊಂಡೆ. ಕೇಳಿ ತಂದ ವಸ್ತುವಿಗೆ ಕೇಳಿದವನೇ ಹೊದಿಕೆ ಕೊಡಬೇಕು ಎನ್ನುವುದು ನನಗೆ ಆಗ ನ್ಯಾಯವಾಗಿ ಕಂಡಿತು. ಅವನು ಬರಿಯ ಅಂಗಿಯ ಮೇಲೆ ದೋತರದ ಚುಂಗು ಹೊದ್ದು ಮಲಗಿದ.

"ಮದುವಿ ನಂದೋ ಕೋಟಿಂದೋ?" ಎಂದು ಕತ್ತಲೆಯಲ್ಲಿ ಕೇಳಿದ. ಹುಸೇನಸಾಬ ನಕ್ಕ. ನಾನೂ ನಕ್ಕೆ.

ಮರುದಿನ ಮುಧೋಳವನ್ನು ಹಿಂದೆ ಹಾಕಿ ಖಾಲಸಾ ಸೀಮೆಗೆ, ಅಂದರೆ ಇಂಗ್ರೇಜರ ಆಳ್ವಿಕೆಯ ಕಡೆಗೆ, ನಡೆದೆವು. ಬೀಳಗಿ ಇನ್ನೂ ಏಳೆಂಟು ಹರದಾರಿ. ಜಾಲಿಯ ಸಹವಾಸವೇ ಬೇಡವೆಂದು ನಾನು ಒಂದು ಹಳ್ಳಿಯಲ್ಲಿ ಒಂದು ಚೀಲ ಕುಳ್ಳು, ಅಂದರೆ ಸಗಣಿಯ ಬೆರಣಿ, ಕೊಂಡು ಗಾಡಿಗೆ ಹಾಕಿಸಿದೆ. ಕುಳ್ಳು ಕಿಡಿ ಹಾರಿಸುವುದಿಲ್ಲ, ತನ್ನಷ್ಟಕ್ಕೆ ಕೆಂಪಗೆ ಉರಿಯುತ್ತದೆ. ಸಂಜೆ ಒಬ್ಬ ರೈತ ತನ್ನ ಹೊಲದ ಬದುವಿನಿಂದ ನಮ್ಮನ್ನು ಕೂಗಿದ. ಅಲ್ಲಿ ಸೀತನಿ ಸುಡುತ್ತಿದ್ದರು. ಹಾಲುಗಾಳಿನ ಜೋಳದ ತೆನೆಗಳನ್ನು ಕೆಂಡದಲ್ಲಿ ಹುರಿದು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸಿ ತಿನ್ನುವ ಸುಖ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಮ್ಮ ಕುಳ್ಳನ್ನೂ ಆ ಬೆಂಕಿಗೆ ಹಾಕಿದೆವು. ಹೊಗೆ ಎದ್ದಿತು. ಕಿಡಿ ಇಲ್ಲ, ಬರಿಯ ಹೊಗೆ. ದಟ್ಟವಾಗಿ, ನೀಲಿಯಾಗಿ, ಕುಳಿತವರ ಕೂದಲಲ್ಲಿ, ಅಂಗಿಯಲ್ಲಿ ತುಂಬಿಕೊಳ್ಳುವ ಹೊಗೆ.

ಶಿವಲಿಂಗ ಬೆಂಕಿಯ ಹತ್ತಿರ ಕೂಡಲು ಹೋದಾಗ ನಾನು ತಡೆದೆ.

"ನೀ ಬರಬ್ಯಾಡ. ಮೈಗೆ ಹೊಗಿ ವಾಸನಿ ಹತ್ತತೈತಿ. ನಾಳೆ ಆ ಮೈಮ್ಯಾಲೆ ಕೋಟ ಹಾಕ್ಕೊಂಡ್ರ ಬನಾತಿಗೆಲ್ಲಾ ಅದ ನಾತ."

"ಥಂಡಿ ಭಾಳ ಐತೋ."

"ಒಂದ ರಾತ್ರಿ ತಡಕೋ. ಕೋಟ ಬೇಕಂದಾಂವ ನೀನ ಅಲ್ಲೇನು?"

ರೈತ ಅಚ್ಚರಿಯಿಂದ ನನ್ನನ್ನೂ ಅವನನ್ನೂ ನೋಡಿದ. "ಏನಪಾ, ಜಾತಿ ಬಿಟ್ಟೀರೇನ ಅವನ್ನ? ಬೆಂಕಿಗೂ ಬಿಡವಲ್ರಿ?" ಎಂದ. ಶಿವಲಿಂಗ ಬದುವಿನ ಆ ತುದಿಗೆ ಹೋಗಿ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಮಂಡಿ ಅಪ್ಪಿಕೊಂಡು ಕುಳಿತ. ಹುಸೇನಸಾಬ ಎಲೆಯಲ್ಲಿ ಸೀತನಿ ಒಯ್ದು ಕೊಟ್ಟ. ಅಲ್ಲಿ ಮುಟ್ಟುವಷ್ಟರಲ್ಲಿ ಅದು ಆರಿರಬೇಕು. ಬೆಂಕಿಯ ಬೆಳಕು ಅವನವರೆಗೆ ಹೋಗುತ್ತಿತ್ತು, ಕಾವು ಹೋಗುತ್ತಿರಲಿಲ್ಲ. ನಮ್ಮ ಮಾತಿಗೆ ಅವನು ಅಲ್ಲಿಂದಲೇ ನಗುತ್ತಿದ್ದ. ಜೋಳದ ತೆನೆಗಳು ಅವನ ಹಿಂದೆ ತಲೆದೂಗುತ್ತಿದ್ದವು. ನನಗೆ ಬೆಚ್ಚಗೆ ಜೋಂಪು ಹತ್ತುತ್ತಿತ್ತು. ಅರೆಗಣ್ಣಿನಲ್ಲಿ ಅವನು ತೇಲಿದಂತೆ, ಹೊಲದ ಮೇಲೆ ಯಾರೋ ಬರೆದು ಅಳಿಸುತ್ತಿರುವ ಚಿತ್ರದಂತೆ ಕಂಡ.

ಬೆಳಿಗ್ಗೆ ಎದ್ದಾಗ ಅವನು ಕೆಮ್ಮುತ್ತಿದ್ದ.

ಬೀಳಗಿಯ ಮನೆಯವರು ನಮ್ಮನ್ನು ಪ್ರೀತಿಯಿಂದ ಕರೆದರು. ಕಾಲಿಗೆ ನೀರು, ಬೆಲ್ಲ, ಚುರುಮುರಿ. ಹುಡುಗಿಯ ತಂದೆ ದುಂಡಪ್ಪ ಮಾತು ಕಡಿಮೆಯ ಮನುಷ್ಯ. ಮನೆಯ ಮಾತೆಲ್ಲ ಅವರ ತಾಯಿಯದು. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು. ಆಯಿ ಕೋಟಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿ, "ಛಲೋ ಅರಿವಿ" ಎಂದಳು. ಶಿವಲಿಂಗ ನನ್ನ ಕಡೆ ಕಳ್ಳನೋಟ ಬೀರಿದ. ಬಾಗಿಲ ಮರೆಯಲ್ಲಿ ನೀಲವ್ವನ ಹಸಿರು ಬಳೆಗಳು ಕಂಡವು.

ನೇಕಾರರ ಮನೆಗಳಲ್ಲಿ ವರನನ್ನು ಮಾತಿನಿಂದ ಅಳೆಯುತ್ತಿರಲಿಲ್ಲ, ಮಗ್ಗದಲ್ಲಿ ಕೂಡಿಸಿ ನೋಡುತ್ತಿದ್ದರು. ಉಂಡಾದ ಮೇಲೆ ದುಂಡಪ್ಪ, "ನಾಕ ಬೆರಳ ನೆಯ್ದ ತೋರಸ್ರಿ" ಎಂದರು. ಶಿವಲಿಂಗ ಕೋಟು ಕಳಚಿ ನನ್ನ ಕೈಗೆ ಕೊಟ್ಟು ಮಗ್ಗದ ಕುಣಿಗೆ ಇಳಿದ. ಅವನ ಕೈಯಲ್ಲಿ ಲಾಳಿ ಮೀನಿನಂತೆ ಓಡಿತು. ಆಯಿಯ ಮುಖ ಅರಳಿತು. ಆಗ ನೂಲಿನ ಧೂಳು ಗಂಟಲಿಗೆ ಹೋಗಿ ಅವನಿಗೆ ಕೆಮ್ಮು ಬಂತು. ತಡೆದ, ಮತ್ತೆ ಬಂತು. ಕೊನೆಗೆ ಮಗ್ಗದ ಮರ ಹಿಡಿದುಕೊಂಡು ಬಗ್ಗಿ, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ.

ಮಗ್ಗದಲ್ಲಿ ಕೆಮ್ಮುವುದು ಎಂದರೆ ಆ ಮನೆಗಳಲ್ಲಿ ಏನರ್ಥವೆಂದು ನನಗೆ ಗೊತ್ತಿತ್ತು. ದುಂಡಪ್ಪನವರ ಹಿರಿಯ ಅಳಿಯ ಎದೆರೋಗದಿಂದ, ಅಂದರೆ ಕ್ಷಯದಿಂದ, ತೀರಿಕೊಂಡು, ಆ ಮಗಳು ಎರಡು ಮಕ್ಕಳೊಡನೆ ಇದೇ ಮನೆಯಲ್ಲಿದ್ದಳು. ಬೆಲ್ಲ ತಂದು ಕೊಟ್ಟವಳು ಅವಳೇ.

"ಹಾದ್ಯಾಗ ಥಂಡಿ ಹತ್ತೇತ್ರಿ" ಎಂದ ಶಿವಲಿಂಗ.

"ನಮ್ಮ ದೊಡ್ಡ ಅಳ್ಯಾನೂ ಹಂಗ ಅಂತಿದ್ದ" ಎಂದಳು ಆಯಿ.

ಆಮೇಲೆ ಆಕೆ ನನ್ನನ್ನು ಹಿತ್ತಲಿಗೆ ಕರೆದಳು. ಅಲ್ಲಿ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ನೀಲವ್ವ ಶುಂಠಿ ಜಜ್ಜುತ್ತಿದ್ದಳು.

"ತಮ್ಮಾ, ನೀ ಸಾಲಿ ಕಲ್ತಾಂವ. ಖರೇ ಹೇಳು. ಈ ಕೆಮ್ಮು ಹಳೇದೇನು? ಥಂಡಿ ಹತ್ತೇತಿ ಅಂತಾನ. ಇಂಥಾ ಕಂಬಳ್ಯಂಥಾ ಕೋಟ ಹಾಕ್ಕೊಂಡ ಬಂದಾಂವಗ ಥಂಡಿ ಹೆಂಗ ಹತ್ತೀತೋ? ಅದು ಒಳಗಿನ ಥಂಡಿ ಇರಬೇಕು."

ಕೋಟು ನನ್ನ ತೋಳಿನ ಮೇಲೆಯೇ ಇತ್ತು. ಆಯಿಯ ತರ್ಕದಲ್ಲಿ ತಪ್ಪಿರಲಿಲ್ಲ. ಆ ಕೋಟು ಎರಡು ರಾತ್ರಿ ಕಂಬಳಿಯೊಳಗೆ ಬೆಚ್ಚಗೆ ಮಲಗಿತ್ತು, ಮನುಷ್ಯ ಇಬ್ಬನಿಯಲ್ಲಿ ಮಲಗಿದ್ದ ಎಂದು ಹೇಳಬಲ್ಲವನು ನಾನೊಬ್ಬನೇ. ಹೇಳಿದರೆ ಕೋಟು ನನ್ನದೆಂದು ತಿಳಿಯುತ್ತಿತ್ತು. ಅವನಿಗೆ ಕೊಟ್ಟ ಮಾತು ಮುರಿಯುತ್ತಿತ್ತು. ಹಾಗೆಂದು ನಾನು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಸಾಯುವ ವಯಸ್ಸಿನಲ್ಲಿ ಆ ಸುಳ್ಳನ್ನು ಹೊತ್ತುಕೊಂಡು ಹೋಗಲಾರೆ. ನನ್ನ ಬಾಯಿ ಕಟ್ಟಿದ್ದು ಅವನ ಗುಟ್ಟಲ್ಲ. ಒಂದು ಬಟ್ಟೆಗಾಗಿ ಗೆಳೆಯನನ್ನು ಬೆಂಕಿಯಿಂದ ಎಬ್ಬಿಸಿದವನು ಎಂದು ಆ ಮುದುಕಿಯ ಮುಂದೆ, ಶುಂಠಿ ಜಜ್ಜುತ್ತಿದ್ದ ಆ ಹುಡುಗಿಯ ಮುಂದೆ, ಕಾಣಿಸಿಕೊಳ್ಳಲು ನಾನು ನಾಚಿದೆ.

"ನಾ ರಬಕವ್ಯಾಗ ಇರ್ತೀನ್ರಿ ಆಯಿ. ಅಂವ ಬನಹಟ್ಟ್ಯಾಗ. ನನಗ ಅಷ್ಟ ಗೊತ್ತಿಲ್ರಿ" ಎಂದೆ.

ಆಯಿ ನನ್ನನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು. ನೀಲವ್ವ ತಲೆ ಎತ್ತದೆ, "ಥಂಡೀನ ಅದು. ಅವರನ್ನ ಒಲಿ ಮುಂದ ಕುಂದ್ರಸ್ರಿ" ಎಂದಳು. ಕಷಾಯದ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಒಯ್ದು ಶಿವಲಿಂಗನಿಗೆ ಕೊಡುವಷ್ಟರಲ್ಲಿ ದುಂಡಪ್ಪ ಎಲೆ ಅಡಿಕೆಯ ತಟ್ಟೆ ತಂದಿದ್ದರು. "ವಿಚಾರ ಮಾಡಿ ತಿಳಸ್ತೀವ್ರಿ" ಎಂದರು. ಆ ಮಾತಿನ ಅರ್ಥ ತಿಳಿಯದವರು ಯಾರೂ ಇರಲಿಲ್ಲ.

ಗಾಡಿ ಊರು ಬಿಟ್ಟು ಬಹಳ ದೂರ ಬಂದಿತು. ಆಮೇಲೆ ಶಿವಲಿಂಗ ಕೇಳಿದ.

"ಆಯಿ ನಿನ್ನ ಹಿತ್ತಲಕ್ಕ ಕರದಿದ್ಲಲ್ಲ. ಏನ ಕೇಳಿದ್ಲು?"

"ಊರಿನ ಸುದ್ದಿ" ಎಂದೆ.

ಆ ಸಂಜೆ ಹುಸೇನಸಾಬ ಯಾರನ್ನೂ ಕೇಳದೆ ಜಾಲಿಯ ಬೊಡ್ಡೆಗಳನ್ನೇ ಒಟ್ಟಿ ದೊಡ್ಡ ಬೆಂಕಿ ಹಾಕಿದ. "ಬಾರಲೇ ಮದುಮಗಾ, ಕುಂದ್ರ ಇಲ್ಲೆ" ಎಂದು ಶಿವಲಿಂಗನನ್ನು ಎಳೆದು ಕೂಡಿಸಿದ. ಕಿಡಿಗಳು ಆಕಾಶದ ಚಿಕ್ಕೆಗಳ ನಡುವೆ ಹೋಗಿ, ಯಾವುದು ಕಿಡಿ ಯಾವುದು ಚಿಕ್ಕೆ ಎಂದು ತಿಳಿಯದಂತೆ ಆರುತ್ತಿದ್ದವು. ಕೋಟು ಗಾಡಿಯಲ್ಲಿ ಕಂಬಳಿಯೊಳಗೇ ಇತ್ತು. ಹುಸೇನಸಾಬ ತನ್ನ ಗುಂಗಡಿಯನ್ನು ಶಿವಲಿಂಗನಿಗೆ ಹೊದಿಸಿ, ತಾನು ಎತ್ತುಗಳ ಮಗ್ಗುಲಿಗೆ ಮಲಗಿದ.

ಬೆಳಿಗ್ಗೆ ಶಿವಲಿಂಗ ಮುಖ ತೊಳೆದು ಬಂದು ಬೆಲ್ಲ ಕಚ್ಚಿ ನೀರು ಕುಡಿದ. ಎತ್ತು ಹೂಡಿದೆವು. ಗಾಡಿ ಒಂದಿಷ್ಟು ದೂರ ನಡೆದಿತ್ತು. ಹುಸೇನಸಾಬ ಹಗ್ಗ ಎಳೆದು ನಿಲ್ಲಿಸಿದ.

"ಮಾಸ್ತರ್ರಿ, ಕೇಳಿದ್ರಿಲ್ಲೋ? ಎದ್ದಾಗಿಂದ ಒಂದ ಸಲಾನೂ ಕೆಮ್ಮಿಲ್ಲ ನಮ್ಮ ಹುಡುಗ. ಬೀಳಗಿ ಇಲ್ಲೇ ಹಿಂದ ಐತಿ. ತಿರುಗಸ್ಲೇನ ಗಾಡಿ? ನೀವು ನಾಕ ಮಾತ ಹೇಳಿದ್ರ ಕೇಳ್ಯಾರು. ನಿಮ್ಮ ಮಾತಿಗೆ ತೂಕ ಐತಿ."

ಶಿವಲಿಂಗ ನನ್ನ ಮುಖ ನೋಡಿದ. ಎತ್ತುಗಳ ಉಸಿರು ಬೆಳ್ಳಗೆ ಏಳುತ್ತಿತ್ತು.

"ಸಾಲಿ ಐತಿ ನನಗ" ಎಂದೆ. "ರಜಾ ಮುಗೀತು."

ಅವನು ಕೆಳಗಿಳಿದ. ಗಂಟು ಬಿಚ್ಚಿ ಕೋಟನ್ನು ಹೊರತೆಗೆದು, ನಾನು ಕಲಿಸಿದ ಹಾಗೆಯೇ ಅಸ್ತರು ಮೇಲೆ ಬರುವಂತೆ ಮಡಿಸಿ ನನ್ನ ತೊಡೆಯ ಮೇಲೆ ಇಟ್ಟ. ತನ್ನ ಕಂಬಳಿಯನ್ನು ತಲೆಯ ಮೇಲೆ ಕೊಪ್ಪೆಯಂತೆ ಹಾಕಿಕೊಂಡ. "ನೀವು ನಡೀರಿ. ನಾ ಬರ್ತೀನಿ" ಎಂದು ಬೀಳಗಿಯ ಕಡೆ ತಿರುಗಿ ನಡೆದ. ಹುಸೇನಸಾಬ ಬಹಳ ಹೊತ್ತು ಗಾಡಿ ಹೊಡೆಯಲಿಲ್ಲ. ನಾನು ಹಿಂದಿರುಗಿ ನೋಡುತ್ತಿದ್ದೆ. ಮೊದಲು ಅವನ ಕಾಲು ಮಂಜಿನಲ್ಲಿ ಕರಗಿತು, ಆಮೇಲೆ ಕಂಬಳಿ. ಕೊನೆಗೆ ಜೋಳದ ತೆನೆಗಳು ಮಾತ್ರ ಉಳಿದವು, ಯಾರೋ ಈಗಷ್ಟೇ ನಡುವೆ ಹಾದು ಹೋದಂತೆ ಅಲ್ಲಾಡುತ್ತ.

ಮನೆಗೆ ಬಂದಾಗ ತಂದೆ ಕೋಟನ್ನು ಬಾಗಿಲ ಬೆಳಕಿಗೆ ಹಿಡಿದು, ಒಳಗೆ ಹೊರಗೆ ತಿರುವಿ ನೋಡಿದರು. ಒಂದು ತೂತಿಲ್ಲ, ಒಂದು ಕಲೆಯಿಲ್ಲ, ಹೊಗೆಯ ವಾಸನೆ ಸಹ ಇಲ್ಲ. "ಭೇಷ್" ಎಂದರು.

ಶಿವಲಿಂಗ ಊರಿಗೆ ಬಂದನೆಂದು ತಿಳಿದ ಸಂಜೆ ನಾನು ಬನಹಟ್ಟಿಗೆ ನಡೆದು ಹೋದೆ. ಅವನು ಮಗ್ಗದಲ್ಲಿದ್ದ. ನಾನು ಹೊಸ್ತಿಲಲ್ಲಿ ನಿಂತು ಏನಾಯಿತೆಂದು ಕೇಳಿದೆ.

"ಕಟ್ಟಿ ಮ್ಯಾಲೆ ಕುಂದ್ರಿಸಿದ್ರು, ಮಜ್ಜಿಗಿ ಕೊಟ್ರು, ಒಳಗ ಕರೀಲಿಲ್ಲ" ಎಂದ. "ಭಾಳ ಹೊತ್ತ ಕುಂತೆ. ಒಂದ ಸಲಾನೂ ಕೆಮ್ಮಲಿಲ್ಲ."

"ಮತ್ತ?"

"ಆಯಿ ಒಂದ ಮಾತ ಕೇಳಿದ್ಲು. 'ನಿನ್ನಿ ನಿನ್ನ ಕೂಡ ಬಂದಿದ್ನಲ್ಲ ಮಾಸ್ತರ, ಅಂವ ಗೊತ್ತಿಲ್ಲ ಅಂದ. ಖರೇ ನಿನಗ ಏನೂ ಇಲ್ಲಾಂದ್ರ ಅಂವ ಯಾಕ ಬರಲಿಲ್ಲ?' ಅಂದ್ಲು."

ಲಾಳಿ ಆ ಕಡೆಯಿಂದ ಈ ಕಡೆಗೆ ಬಂತು.

"ನೀ ಏನಂದಿ?"

ಅವನು ಹರಿದ ಎಳೆಯೊಂದನ್ನು ಬೆರಳ ತುದಿಯಲ್ಲಿ ಹೊಸೆದು ಕೂಡಿಸುತ್ತ, ನನ್ನ ಕಡೆ ನೋಡದೆ ಹೇಳಿದ:

"ಅವಗ ಸಾಲಿ ಐತ್ರಿ ಅಂದೆ."